ಫೊಪ್ಪೆಯ ಪಿಂಗಾಣಿ ಸೇತುವೆ

ಮೊದಲೇ ಹೇಳಿಬಿಡುತ್ತೇನೆ, ನಾನು ಬೇರೆಯವರ ವಿಷಯಕ್ಕೆ ತಲೆಹಾಕುವ ಜಾತಿಯವನಲ್ಲ. ನಮ್ಮ ಮನೆಯ ದೊಡ್ಡ ಕಿಟಕಿ ಕಾಲುವೆಯ ಕಡೆಗಿದೆ. ಕಾಲುವೆಯ ಆಚೆ ಫೊಪ್ಪೆಯ ಮನೆಯಿದೆ. ನನ್ನ ಕಣ್ಣು ಇನ್ನೂ ಚೆನ್ನಾಗಿದೆ. ಈ ಮೂರರಲ್ಲಿ ಯಾವುದಕ್ಕೂ ನಾನು ಹೊಣೆಯಲ್ಲ. ಸೈಕಲ್ ರಿಪೇರಿ ಅಂಗಡಿಯನ್ನು ಮಗಳಿಗೆ ಬಿಟ್ಟುಕೊಟ್ಟ ಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುವುದು ಬಿಟ್ಟರೆ ನನಗೆ ಬೇರೆ ಕೆಲಸವೂ ಇಲ್ಲ.

ನಮ್ಮ ಕ್ರೊಮ್‌ಸ್ಲೋಟ್‌ನಲ್ಲಿ ರಸ್ತೆಗಿಂತ ನೀರು ಜಾಸ್ತಿ. ಒಂದೊಂದು ಮನೆಯ ಸುತ್ತಲೂ ಕಾಲುವೆ, ದಾಟಲು ಒಂದೊಂದು ಹಲಗೆಯ ಸೇತುವೆ. ಫೊಪ್ಪೆಯ ಮನೆಗೂ ಪಕ್ಕದ ಫೆಮ್ಮಿಯ ಮನೆಗೂ ಸೇರಿ ಒಂದೇ ತುಂಡು ನೆಲ, ಒಂದೇ ಸೇತುವೆ. ಆ ಸೇತುವೆಯ ನಡುವಿನ ಹಲಗೆಗಳು ಕೊಳೆತು ವರ್ಷಗಳಾಗಿದ್ದವು. ಅಂಚೆಯವನು ಅದರ ಮೇಲೆ ಕಾಲಿಡುವ ಮೊದಲು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದ. ಆದರೂ ರಿಪೇರಿಯ ಮಾತನ್ನು ಇಬ್ಬರಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮೊದಲು ಎತ್ತಿದವರೇ ಮೊದಲು ದುಡ್ಡಿನ ಚೀಲ ತೆಗೆಯಬೇಕಾಗುತ್ತದೆ ಎಂಬುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಫೊಪ್ಪೆ ಚೀಸ್ ಗೋದಾಮಿನಲ್ಲಿ ತೂಕ ಹಾಕುತ್ತಿದ್ದವನು, ಈಗ ನಿವೃತ್ತ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ. ಒಳ್ಳೆಯ ಮನುಷ್ಯ. ಆದರೆ ಯಾವುದನ್ನೇ ಆಗಲಿ ಅರ್ಧ ಕೇಳಿಸಿಕೊಂಡು ಪೂರ್ತಿ ಅರ್ಥ ಮಾಡಿಕೊಂಡುಬಿಡುವುದು ಅವನ ಹುಟ್ಟುಗುಣ. ಅವನ ಬದುಕಿನಲ್ಲಿ ಆಗ ಎರಡೇ ದೊಡ್ಡ ಸಂಗತಿಗಳಿದ್ದವು. ಒಂದು, ತನ್ನ ಬಾಯಲ್ಲಿರುವ ಹಲ್ಲುಗಳೆಲ್ಲ ಸ್ವಂತದವು ಎಂಬ ಜಂಬ. ಇನ್ನೊಂದು, ಫೆಮ್ಮಿ. ಅವಳೂ ಗಂಡನನ್ನು ಕಳೆದುಕೊಂಡವಳು, ಅವನಿಗಿಂತ ನಾಲ್ಕು ವರ್ಷ ದೊಡ್ಡವಳು, ನಾಲಿಗೆ ಸ್ವಲ್ಪ ಹರಿತ. ಅವಳ ಊಟದ ಮೇಜಿನ ಎದುರು ಖಾಲಿ ಇರುವ ಕುರ್ಚಿಯಲ್ಲಿ ತಾನು ಕೂರಬೇಕು ಎಂಬುದು ಫೊಪ್ಪೆಯ ಆಸೆ. ಆ ಆಸೆಗಾಗಿ ಅವಳ ಬೇಲಿ ಕತ್ತರಿಸುತ್ತಿದ್ದ, ಸೌದೆ ಒಡೆದುಕೊಡುತ್ತಿದ್ದ, ಸೂರಿನ ನೀರಿನ ದೋಣಿಯಿಂದ ಎಲೆ ಬಳಿಯುತ್ತಿದ್ದ. ಬಾಯಿ ಬಿಟ್ಟು ಕೇಳುವುದನ್ನು ಮಾತ್ರ ಮಾಡುತ್ತಿರಲಿಲ್ಲ. ಅಷ್ಟರಲ್ಲಿ ಆ ಬಾಯಿಗೇ ಕುತ್ತು ಬಂತು.

ಅವನ ಭಾವ ಹಾರ್ಮನ್‌ನ ಎಪ್ಪತ್ತನೆಯ ಹುಟ್ಟುಹಬ್ಬ. ಎಂದಿನಂತೆ ಕುರ್ಚಿಗಳನ್ನು ದುಂಡಗೆ ಹಾಕಿ ಎಲ್ಲರೂ ಎಲ್ಲರ ಕೈಕುಲುಕಿ, ಹುಟ್ಟುಹಬ್ಬದವನಿಗೂ ಅವನ ಹೆಂಡತಿಗೂ ಅವನ ಬೆಕ್ಕಿಗೂ ಅಭಿನಂದನೆ ಹೇಳಿ, ತಲೆಗೊಂದರಂತೆ ಕೇಕಿನ ತುಂಡು ಮುಗಿಸಿ ಕೂತಿದ್ದೆವು. ಹಾರ್ಮನ್‌ನದು ಪೂರ್ತಿ ಕಟ್ಟಿಸಿದ ಹಲ್ಲು. ಮಾತಾಡುವಾಗ ಟಕ್ ಟಕ್ ಎನ್ನುತ್ತದೆ. ಫೊಪ್ಪೆಗೆ ಅದೇ ಪ್ರತಿ ವರ್ಷದ ಮನರಂಜನೆ.

“ಭಾವ, ನೀವು ಮಾತು ನಿಲ್ಲಿಸಿದ ಮೇಲೂ ನಿಮ್ಮ ಹಲ್ಲು ಮಾತಾಡ್ತಾ ಇರುತ್ತಲ್ಲ, ಅದಕ್ಕೂ ಒಂದು ಕಪ್ ಕಾಫಿ ಕೊಡಿಸಿ ಪಾಪ!”

“ನಗು, ನಗು,” ಎಂದ ಹಾರ್ಮನ್. “ನಿಂಗೂ ಬರುತ್ತೆ ಕಾಲ.”

“ನಂಗಾ?” ಫೊಪ್ಪೆ ತುಟಿ ಮೇಲೆತ್ತಿ ಸುತ್ತಲೂ ಪ್ರದರ್ಶನ ಕೊಟ್ಟ. “ನೋಡ್ಕೊಳ್ಳಿ. ಇಷ್ಟೂ ನಮ್ಮಮ್ಮ ಕೊಟ್ಟಿದ್ದು. ಒಂದೂ ಅಂಗಡಿಯಿಂದ ತಂದಿದ್ದಲ್ಲ.”

ಹೀಗೆಂದವನೇ ಬಟ್ಟಲಿನಲ್ಲಿದ್ದ ಅತಿಮಧುರದ ಕರಿ ಮಿಠಾಯಿ ತೆಗೆದು, ಎಲ್ಲರಿಗೂ ಕಾಣುವಂತೆ ಮುಂದಿನ ಹಲ್ಲಿನಲ್ಲಿ ಕಚ್ಚಿ ಎಳೆದ. ಹಳೆಯ ದಾಸ್ತಾನು, ಸೈಕಲ್ಲಿನ ಟೈರಿಗಿಂತ ಗಟ್ಟಿ. ಟಕ್ ಎಂದು ಶಬ್ದ ಬಂತು. ಅಭ್ಯಾಸಬಲದಿಂದ ಎಲ್ಲರೂ ಹಾರ್ಮನ್ ಕಡೆಗೆ ತಿರುಗಿದೆವು.

“ಈ ಸಲ ನಾನಲ್ಲ,” ಎಂದ ಹಾರ್ಮನ್.

ನಾವು ಫೊಪ್ಪೆಯ ಕಡೆ ತಿರುಗುವಷ್ಟರಲ್ಲಿ ಅವನು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಎದ್ದಾಗಿತ್ತು. ಹೊಟ್ಟೆ ಮುಟ್ಟಿ ತೋರಿಸಿದ, ಕೈ ಬೀಸಿದ, ಹೋದ. ಎರಡನೆಯ ಕಾಫಿ ಇನ್ನೂ ಬಂದಿರಲಿಲ್ಲ! ಪುಕ್ಕಟೆ ಕಾಫಿ ಬಿಟ್ಟು ಫೊಪ್ಪೆ ಎದ್ದುಹೋದದ್ದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಏನೋ ಗಂಭೀರವಾದದ್ದೇ ಆಗಿದೆ ಎಂದು ನಾನೂ ನನ್ನ ಹೆಂಡತಿ ಡೀನಿಯೂ ಕೂಡಲೇ ತೀರ್ಮಾನಿಸಿದೆವು. ಅವನ ಪಾಲಿನ ಕಾಫಿಯನ್ನು ನಾನೇ ಕುಡಿದೆ.

ಮಿಠಾಯಿಯ ಜೊತೆ ಮೇಲಿನ ಸಾಲಿನ ಮುಂದಿನ ಮೂರು ಹಲ್ಲು ಬಂದುಬಿಟ್ಟಿದ್ದವು. ಇದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಬಹಳ ದಿನಗಳ ಮೇಲೆ ಫೊಪ್ಪೆಯೇ ನನಗೆ ಹೇಳಿದ್ದು. ಪೇಟೆಯಲ್ಲಿ ಹಲ್ಲಿನ ಡಾಕ್ಟರ್ ಮಾರಿಟ್ ಎಂಬ ಹುಡುಗಿಯ ಮುಂದೆ ಅವನ ಮಾತುಕತೆ ಹೀಗೆ ನಡೆಯಿತಂತೆ.

“ಮೂರು ದಾರಿ ಇದೆ ಫೊಪ್ಪೆ ಅವರೇ. ಒಂದು, ಪಿಂಗಾಣಿ ಬ್ರಿಜ್. ಅಕ್ಕಪಕ್ಕದ ಹಲ್ಲುಗಳನ್ನೇ ಕಂಬ ಮಾಡ್ಕೊಂಡು ಮಧ್ಯದಲ್ಲಿ ಮೂರು ಕೂರಿಸ್ತೀವಿ. ಎರಡೂವರೆ ಸಾವಿರ ಯೂರೋ.”

“ವಿಮೆಯವರು ಎಷ್ಟು ಕೊಡ್ತಾರೆ?”

“ಏನೂ ಇಲ್ಲ. ಎರಡನೇದು, ಹಾಕಿ ತೆಗೆಯೋ ಸಣ್ಣ ಪ್ಲೇಟು. ಐನೂರರ ಹತ್ತಿರ ಆಗುತ್ತೆ. ರಾತ್ರಿ ಲೋಟದಲ್ಲಿ ಹಾಕಿಡಬೇಕು.”

“ವಿಮೆ?”

“ಅದಕ್ಕೂ ಇಲ್ಲ. ಮೂರನೇದು, ಮೇಲಿನ ಪೂರ್ತಿ ಸೆಟ್ಟು. ಅದಕ್ಕೆ ನಾಲ್ಕರಲ್ಲಿ ಮೂರು ಪಾಲು ವಿಮೆಯವರೇ ಕೊಡ್ತಾರೆ. ಆದ್ರೆ ಮೇಲಿನ ಸಾಲಲ್ಲಿ ಒಂದು ಹಲ್ಲೂ ಇರಬಾರದು.”

ಫೊಪ್ಪೆ ಯೋಚಿಸಿದ. ಚೀಸ್ ತೂಗಿ ತೂಗಿ ಪಳಗಿದ ತಲೆ ಅದು.

“ಅಂದ್ರೆ, ಮೂರು ಹೋದ್ರೆ ಖರ್ಚೆಲ್ಲ ನಂದು. ಎಲ್ಲಾ ಹೋದ್ರೆ ಖರ್ಚು ಅವರದ್ದು.”

“ಹೆಚ್ಚುಕಮ್ಮಿ ಹಾಗೇ. ಅದ್ರಲ್ಲೂ ವರ್ಷದ ಮೊದಲ ಒಂದಷ್ಟು ಖರ್ಚು ನೀವೇ ಕಟ್ಟಬೇಕು. ಅದಕ್ಕೆ ಸ್ವಂತ ರಿಸ್ಕು ಅಂತಾರೆ.”

“ಹಲ್ಲೂ ಸ್ವಂತದ್ದು, ರಿಸ್ಕೂ ಸ್ವಂತದ್ದು. ಹಾಗಾದ್ರೆ ವಿಮೆಯವರದ್ದು ಏನು, ಹೊಸ ವರ್ಷದ ಕ್ಯಾಲೆಂಡರಾ?”

“ಅದನ್ನ ಅವರನ್ನೇ ಕೇಳಿ.”

“ಇರ್ಲಿ. ಉಳಿದಿದ್ದನ್ನೂ ಕಿತ್ತುಬಿಡಿ.”

“ಚೆನ್ನಾಗಿರೋ ಹಲ್ಲನ್ನ ದುಡ್ಡು ಉಳಿಸೋಕೆ ಅಂತ ನಾನು ಕೀಳಲ್ಲ.”

“ನಿಮಗೆ ತೊಂದರೆ ಬೇಡ ಡಾಕ್ಟ್ರೇ. ಹಾರ್ಮನ್ ಮನೇಲಿ ಇನ್ನೂ ಅರ್ಧ ಬಟ್ಟಲು ಮಿಠಾಯಿ ಇದೆ. ತಿಂದ್ಕೊಂಡು ಮುಂದಿನ ವಾರ ಬರ್ತೀನಿ.”

ಡಾಕ್ಟರ್ ಮಾರಿಟ್ ಸಿಟ್ಟಾಗದೆ, ಮನೆಗೆ ಹೋಗಿ ಯೋಚಿಸಿ ಎಂದು ಕಳಿಸಿದಳಂತೆ. ಫೊಪ್ಪೆ ಯೋಚಿಸಿದ. ಅಗ್ಗದ್ದು ಪ್ಲೇಟು. ಆದರೆ ಮುಂದೊಂದು ದಿನ ಫೆಮ್ಮಿಯ ಅಡುಗೆಮನೆಯ ಕಟ್ಟೆಯ ಮೇಲೆ ತನ್ನ ಹಲ್ಲು ಲೋಟದಲ್ಲಿ ಕೂತು ಅವಳನ್ನು ನೋಡಿ ನಗುತ್ತಿರುವ ಚಿತ್ರ ಕಣ್ಣಮುಂದೆ ಬಂದು ಅವನಿಗೆ ಬೆವರು ಕಿತ್ತುಬಂತು. ಅಂಥ ಹೆಂಗಸು ಬೋಡುಬಾಯಿಯವನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾಳೆಯೇ? ದೋಣಿಗೆ ಹೊಸ ಮೋಟಾರು ಹಾಕಿಸಲು ಕೂಡಿಟ್ಟ ದುಡ್ಡಿತ್ತು. ಸರಿಯಾಗಿ ಎರಡೂವರೆ ಸಾವಿರಕ್ಕೆ ಆಗುವಷ್ಟು. ಮೋಟಾರು ಹಾಳಾಗಿ ಹೋಗಲಿ, ಪಿಂಗಾಣಿಯೇ ಇರಲಿ ಎಂದು ನಿಶ್ಚಯಿಸಿದ. ಹಲ್ಲು ಬರುವವರೆಗೆ ಮೂಗಿನ ತನಕ ಸ್ಕಾರ್ಫ್ ಸುತ್ತಿಕೊಂಡು, ಯಾರ ಹತ್ತಿರವೂ ಮಾತಾಡದೆ ಓಡಾಡತೊಡಗಿದ.

ಇಲ್ಲಿಗೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಫೊಪ್ಪೆಗೆ ಕಿವಿ ಸ್ವಲ್ಪ ಮಂದ. ಫೋನನ್ನು ಸ್ಪೀಕರಿಗೆ ಹಾಕಿ, ತೋಟದ ನಡುವೆ ನಿಂತು ಮಾತಾಡುವುದು ಅವನ ಪದ್ಧತಿ. ದವಾಖಾನೆಯ ಹುಡುಗಿಯ ದನಿ ನೀರಿನ ಮೇಲೆ ತೇಲಿಕೊಂಡು ನಮ್ಮ ಕಿಟಕಿಯವರೆಗೆ ಬಂತು.

“ಬ್ರಿಜ್ ವಿಚಾರ ಫೊಪ್ಪೆ ಅವರೇ. ಮಧ್ಯದ್ದು ಪೂರ್ತಿ ಹೋಗಿದೆ, ಆದ್ರೆ ಎರಡೂ ಕಡೆ ಕಂಬ ಗಟ್ಟಿ ಇದೆ. ಪಿಂಗಾಣೀದೇ ಮಾಡೋಣ ಅಲ್ವಾ? ಎರಡೂವರೆ ಸಾವಿರ.”

“ಹೂಂ,” ಎಂದ ಫೊಪ್ಪೆ.

“ಬಣ್ಣ ಯಾವುದಿರ್ಲಿ? ಪೂರ್ತಿ ಬಿಳಿ ಮಾಡಿದ್ರೆ ಅಕ್ಕಪಕ್ಕಕ್ಕೆ ಹೊಂದಲ್ಲ. ಸ್ವಲ್ಪ ಹಳದಿ ಹೊಡೆದಿರೋ ಥರ ಮಾಡೋಣ.”

“ಹೂಂ.”

ಡೀನಿಯ ಕೈಯಲ್ಲಿದ್ದ ಆಲೂಗಡ್ಡೆ ಬಿದ್ದುಹೋಯಿತು.

“ಕೇಳಿಸ್ತಾ? ಪಿಂಗಾಣಿ ಬ್ರಿಜ್ ಅಂತೆ!”

“ಕೇಳಿಸ್ತು. ಅಕ್ಕಪಕ್ಕಕ್ಕೆ ಹೊಂದಬೇಕಂತೆ. ನಮ್ಮ ಬ್ರಿಜ್ ಹಳದಿ ಅಂತ ಆಡ್ಕೊಳ್ತಾ ಇದ್ದಾನೆ ನೋಡು!”

“ಹುಚ್ಚು ಗಿಚ್ಚು ಹಿಡಿದಿದೆಯಾ? ಪಿಂಗಾಣಿ ಮೇಲೆ ಸೈಕಲ್ ಹೊಡೆದ್ರೆ ಏನಾಗಬೇಡ!”

ಆಗ ಬೇಲಿಯ ಆಚೆ ಬಟ್ಟೆ ಒಣಹಾಕುತ್ತಿದ್ದ ಫೆಮ್ಮಿಯನ್ನು ಕಂಡೆ. ಒದ್ದೆ ಹಾಸಿಗೆವಸ್ತ್ರ ಅವಳ ಕೈಯಲ್ಲಿ ಹಾಗೆಯೇ ಉಳಿದಿತ್ತು. ಅವಳಿಗೂ ಎಲ್ಲ ಕೇಳಿಸಿತ್ತು. ಅವಳು ಯಾರ ಹಂಗಿನಲ್ಲೂ ಇರುವವಳಲ್ಲ. ಬಟ್ಟೆಯನ್ನು ಬುಟ್ಟಿಗೆ ಎಸೆದು ನೇರವಾಗಿ ಫೊಪ್ಪೆಯ ಮುಂದೆ ಬಂದು ನಿಂತಳು. ಮುಂದಿನ ಮಾತುಗಳನ್ನು ನಾನು ಕೇಳಿಸಿಕೊಂಡದ್ದು ಕಿಟಕಿ ಸ್ವಲ್ಪ ತೆರೆದಿದ್ದರಿಂದ. ಸ್ವಲ್ಪ ತೆರೆದದ್ದು ಸೆಖೆಯಾಗುತ್ತಿದ್ದುದರಿಂದ. ಅಕ್ಟೋಬರ್ ತಿಂಗಳು, ನಮ್ಮಲ್ಲಿ ಒಲೆ ಹಚ್ಚಿಕೊಂಡು ಕೂರುವ ಚಳಿ.

“ಫೊಪ್ಪೆ ಅವರೇ, ಎಲ್ಲಾ ಕೇಳಿಸ್ತು. ಬ್ರಿಜ್ ಹಾಕಿಸ್ತೀರಂತೆ.”

ಫೊಪ್ಪೆಯ ಮುಖದಲ್ಲಿ ಸ್ಕಾರ್ಫಿನ ಹೊರಗೆ ಕಾಣುತ್ತಿದ್ದಷ್ಟು ಭಾಗ ಬಿಳಿಚಿಕೊಂಡಿತು.

“ಇದ್ರಲ್ಲಿ ಮುಚ್ಚಿಡೋದು ಏನಿದೆ?” ಎಂದಳು ಫೆಮ್ಮಿ. “ಮಧ್ಯದ್ದು ಕೊಳೆತು ಹೋಗಿದ್ದು ಊರಿಗೇ ಕಾಣ್ತಾ ಇತ್ತು. ನಾನೇ ಹೇಳೋಣ ಅಂತಿದ್ದೆ. ಬೇಜಾರು ಮಾಡ್ಕೊಳ್ತೀರೇನೋ ಅಂತ ಸುಮ್ಮನಿದ್ದೆ.”

“ಕಾಣ್ತಾ ಇತ್ತಾ?” ಎಂದ ಫೊಪ್ಪೆ, ಸ್ಕಾರ್ಫಿನ ಒಳಗಿನಿಂದ.

“ಕಾಣದೆ ಏನು? ಈಗ ಕೇಳಿ. ನೀವೊಬ್ಬರೇ ದುಡ್ಡು ಹಾಕೋದು ನಂಗೆ ಒಪ್ಪಿಗೆ ಇಲ್ಲ. ಅರ್ಧ ನಂದೇ ತಾನೇ? ಅರ್ಧ ನಾನು ಕೊಡ್ತೀನಿ.”

ಫೊಪ್ಪೆ ಎರಡು ಹೆಜ್ಜೆ ಹಿಂದೆ ಸರಿದು ಎಲೆಕೋಸಿನ ಮಡಿಯಲ್ಲಿ ನಿಂತ.

“ಅರ್ಧ... ನಿಮ್ಮದಾ?”

“ಮತ್ತೆ ಯಾರದ್ದು? ಮೊದಲಿಂದ್ಲೂ ಹಾಗೇ ಅಲ್ವಾ? ಇನ್ಮೇಲೆ ಇಬ್ರೂ ಧೈರ್ಯವಾಗಿ ಹೆಜ್ಜೆ ಇಡಬಹುದು. ಆದ್ರೂ ಪಿಂಗಾಣಿ ಯಾಕೆ ಅಂತ ನಂಗೆ ಅರ್ಥ ಆಗ್ಲಿಲ್ಲ. ಮರದ್ದೇ ಸಾಕಾಗಿತ್ತು.”

“ಮರದ್ದಾ?”

“ಓಕ್ ಮರದ್ದು. ನಮ್ಮಜ್ಜಂದು ಐವತ್ತು ವರ್ಷ ಬಂತು. ವರ್ಷಕ್ಕೊಂದು ಸಲ ಡಾಂಬರು ಬಳಿದ್ರೆ ಆಯ್ತು.”

ಇಷ್ಟು ಹೇಳಿ ಫೆಮ್ಮಿ ಬಟ್ಟೆ ಒಣಹಾಕಲು ಹೋದಳು. ಫೊಪ್ಪೆ ಎಲೆಕೋಸಿನ ನಡುವೆ ನಿಂತೇ ಇದ್ದ. ಅವಳ ಅಜ್ಜನ ಡಾಂಬರು ಬಳಿದ ಹಲ್ಲು ಅವನಿಗೆ ಸ್ವಲ್ಪ ವಿಚಿತ್ರವಾಗಿ ಕಂಡಿರಬೇಕು. ಆದರೆ ಮಿಕ್ಕ ಮಾತಿನ ಮುಂದೆ ಅದೇನೂ ದೊಡ್ಡದಲ್ಲ. ಮೊದಲಿಂದಲೂ ಅರ್ಧ ನನ್ನದೇ ಎಂದಿದ್ದಳು. ಇಬ್ಬರೂ ಹೆಜ್ಜೆ ಇಡೋಣ ಎಂದಿದ್ದಳು. ಒಬ್ಬ ಹೆಂಗಸು ಗಂಡಸಿನ ಹಲ್ಲಿಗೆ ಅರ್ಧ ದುಡ್ಡು ಹಾಕುತ್ತೇನೆ ಎಂದರೆ, ಅದೂ ನಮ್ಮೂರಿನ ಹೆಂಗಸು, ಅದಕ್ಕೆ ಬೇರೆ ಏನು ಅರ್ಥವಿದೆ? ನನ್ನ ಹೆಂಡತಿ ಮದುವೆಯಾಗಿ ನಲವತ್ತು ವರ್ಷದಲ್ಲಿ ನನ್ನ ಕನ್ನಡಕಕ್ಕೂ ದುಡ್ಡು ಹಾಕಿಲ್ಲ.

ಅಂದು ಸಂಜೆ ಅವನು ತನ್ನ ಅಕ್ಕ ರೆನ್ಸ್ಕೆಗೆ, ಅಂದರೆ ಹಾರ್ಮನ್‌ನ ಹೆಂಡತಿಗೆ, ಫೋನು ಮಾಡಿದ. ಮುಂದಿನ ಹಲ್ಲಿಲ್ಲದೆ ಅವನ ಬಾಯಲ್ಲಿ ಫಕಾರವೆಲ್ಲ ಹಕಾರವಾಗಿತ್ತು, ಸಕಾರವೆಲ್ಲ ಸೀಟಿಯಾಗಿತ್ತು. ಸೀಟಿಯನ್ನು ಬರೆದು ತೋರಿಸಲು ನನ್ನಿಂದಾಗದು.

“ಅಕ್ಕಾ, ಹೆಮ್ಮಿ ಒಪ್ಕೊಂಡ್ಳು!”

“ಯಾರೋ ಅದು ಹೆಮ್ಮಿ?”

“ಪಕ್ಕದ್ಮನೆ ಹೆಮ್ಮಿ!”

“ಫೆಮ್ಮೀನಾ? ಏನಕ್ಕೆ ಒಪ್ಕೊಂಡ್ಳು?”

“ಅರ್ಧ ಅವಳದ್ದೇ ಅಂತೆ. ಇಬ್ರೂ ಜೊತೆಯಾಗಿ ಹೆಜ್ಜೆ ಇಡೋಣ ಅಂದ್ಲು. ದುಡ್ಡೂ ಕೊಡ್ತಾಳಂತೆ!”

ರೆನ್ಸ್ಕೆಗೆ ಸುದ್ದಿ ತಿಳಿದರೆ ಪತ್ರಿಕೆಗೆ ಜಾಹೀರಾತು ಕೊಡುವ ಅಗತ್ಯವಿರುವುದಿಲ್ಲ. ಮಾರನೆಯ ದಿನ ಬೇಕರಿಯಲ್ಲಿ ಎರಡು ಸುದ್ದಿಗಳು ಒಂದನ್ನೊಂದು ಭೇಟಿಯಾದವು. ಫೊಪ್ಪೆ ಫೆಮ್ಮಿಯನ್ನು ಮದುವೆಯಾಗುತ್ತಿದ್ದಾನೆ ಎಂಬುದು ಒಂದು. ಫೊಪ್ಪೆ ಪಿಂಗಾಣಿಯ ಸೇತುವೆ ಕಟ್ಟಿಸುತ್ತಿದ್ದಾನೆ ಎಂಬುದು ಇನ್ನೊಂದು. ಎರಡನ್ನೂ ಸೇರಿಸಲು ಹೆಚ್ಚು ಬುದ್ಧಿ ಬೇಕಾಗಲಿಲ್ಲ.

“ಮದುವೆ ದಿನ ಹೆಣ್ಣನ್ನ ಅದರ ಮೇಲೇ ನಡೆಸಿಕೊಂಡು ಹೋಗ್ತಾನಂತೆ,” ಎಂದಳು ರೊಟ್ಟಿ ಕತ್ತರಿಸುವವಳು.

“ನೀಲಿ ಹೂವಿನ ಚಿತ್ರ ಬೇರೆ ಬರೆಸ್ತಾನಂತೆ,” ಎಂದರು ಸಾಲಿನಲ್ಲಿ ನಿಂತಿದ್ದ ಯಾರೋ.

“ಇಲ್ಲ, ಹಳದಿ,” ಎಂದು ನಾನು ತಿದ್ದಿದೆ. ಸುಳ್ಳುಸುದ್ದಿ ಹಬ್ಬುವುದು ನನಗೆ ಆಗುವುದಿಲ್ಲ.

“ಚಳಿಗಾಲದಲ್ಲಿ ಹಿಮ ಬಿದ್ದು ಜಾರಿದ್ರೆ ಯಾರು ಹೊಣೆ? ನೀರಿನ ಮಂಡಳಿಯವರಿಗೆ ಗೊತ್ತಾ ಇದು?”

ಮಂಡಳಿಯವರಿಗೆ ಗೊತ್ತಿರಲಿಲ್ಲ. ಸಂಜೆಯೊಳಗೆ ಯಾರೋ ಫೋನು ಮಾಡಿ ತಿಳಿಸಿದರು. ಯಾರೆಂದು ನಾನು ಹೇಳುವುದಿಲ್ಲ. ಇದನ್ನು ಬರೆಯುವಾಗ ಡೀನಿ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ.

ಕಾಲುವೆ, ಸೇತುವೆಗಳನ್ನು ನೋಡಿಕೊಳ್ಳುವ ನಮ್ಮ ನೀರಿನ ಮಂಡಳಿಯ ಇನ್ಸ್‌ಪೆಕ್ಟರ್ ಟೆನ್ ಕಾಟೆ, ಹೆಸರಿಗೆ ತಕ್ಕಂತೆ ಊರಿಗೇ ಕಾಟ. ಯಾರಾದರೂ ಕಾಲುವೆಯ ಬದಿಗೆ ಒಂದು ಗೂಟ ಹೊಡೆದರೂ ಅದರ ಉದ್ದ, ಸುತ್ತಳತೆ ಮತ್ತು ಉದ್ದೇಶ ಅವರಿಗೆ ಬೇಕು. ಶನಿವಾರ ಮಧ್ಯಾಹ್ನ ಅವರು ಬಗಲಿಗೆ ಕಡತ ಸಿಕ್ಕಿಸಿಕೊಂಡು, ಕೊಳೆತ ಹಲಗೆಗಳನ್ನು ತಪ್ಪಿಸಿ ದಾಟಿ ಫೊಪ್ಪೆಯ ಅಂಗಳಕ್ಕೆ ಬಂದರು.

“ಮಂಡಳಿಯಿಂದ ಬಂದಿದ್ದೀನಿ. ಬ್ರಿಜ್ ವಿಚಾರ.”

ವಿಮಾ ಮಂಡಳಿಯವರೇ ಮನೆಬಾಗಿಲಿಗೆ ಬಂದರಲ್ಲ ಎಂದು ಫೊಪ್ಪೆಗೆ ಆನಂದವಾಯಿತು. ಕುರ್ಚಿ ತಂದು ಹಾಕಿದ.

“ಎಷ್ಟು ಉದ್ದ ಬರುತ್ತೆ?” ಟೆನ್ ಕಾಟೆ ಪೆನ್ನು ತೆಗೆದರು.

ಫೊಪ್ಪೆ ಹೆಬ್ಬೆರಳು ತೋರುಬೆರಳುಗಳ ನಡುವೆ ಅಳತೆ ತೋರಿಸಿದ.

“ಅದು ಮಾದರಿ ಇರಬೇಕು. ಆಗ್ಲಿ. ಭಾರ ಎಷ್ಟು ತಡೆಯುತ್ತೆ?”

“ಸೇಬು ಪರವಾಗಿಲ್ಲ ಅಂದಿದ್ದಾರೆ.”

“ಸೇಬಿನ ಗಾಡಿನಾ?”

“ಗಾಡಿ ಯಾಕೆ? ಒಂದೊಂದೇ. ಅದೂ ಹೋಳು ಮಾಡಿ.”

ಟೆನ್ ಕಾಟೆ ಅವನನ್ನೊಮ್ಮೆ ನೋಡಿದರು, ಬರೆದುಕೊಂಡರು. “ಕೆಳಗಡೆ ಜಾಗ ಬಿಡಬೇಕು. ಕಸ ಸಿಕ್ಕಿಹಾಕಿಕೊಂಡ್ರೆ ಕೊಳೆತು ನಾರುತ್ತೆ.”

“ಅದಕ್ಕೆ ಸಣ್ಣ ಬ್ರಷ್ ಕೊಡ್ತಾರೆ. ದಿನಾ ಮಲಗೋ ಮುಂಚೆ ಉಜ್ತೀನಿ.”

“ದಿನಾನಾ?” ಮಂಡಳಿಯ ಇತಿಹಾಸದಲ್ಲಿ ಇಂಥ ಪ್ರಜೆಯನ್ನು ಅವರು ಕಂಡಿರಲಿಲ್ಲ. “ತುಂಬಾ ಸಂತೋಷ. ಇನ್ನು, ನೀರಿನಿಂದ ಎಷ್ಟು ಎತ್ತರ?”

“ಬಾಯಿ ಮುಚ್ಚಿದಾಗ್ಲೋ, ತೆಗೆದಾಗ್ಲೋ?”

“ತೆಗೆಯೋ ಬ್ರಿಜ್ಜಾ?” ಟೆನ್ ಕಾಟೆ ಕುರ್ಚಿಯಿಂದ ಅರ್ಧ ಎದ್ದರು. “ಅದನ್ನ ಮೊದಲೇ ಹೇಳಬಾರದಾ? ಎತ್ತಿ ಇಳಿಸೋ ಬ್ರಿಜ್ಜಿಗೆ ಬೇರೆ ಪರ್ಮಿಷನ್ ಬೇಕು!”

“ಅಯ್ಯೋ ಇಲ್ಲ, ನಂದು ಕಾಯಂ ಕೂರಿಸೋದು. ತೆಗೆಯೋ ಥರದ್ದು ಅಗ್ಗ, ಆದ್ರೆ ನಂಗೆ ಬೇಡ. ರಾತ್ರಿ ಲೋಟದಲ್ಲಿ ಹಾಕಿಡಬೇಕಂತೆ.”

“ಬ್ರಿಜ್ಜನ್ನಾ?”

“ಹೂಂ.”

“ಲೋಟದಲ್ಲಾ?”

“ನೀರು ಹಾಕಿ.”

ಟೆನ್ ಕಾಟೆ ಪೆನ್ನಿನ ಮುಚ್ಚಳ ಹಾಕಿದರು. “ನೋಡಿ, ನಂಗೆ ಆ ಜಾಗ ಒಂದ್ಸಲ ತೋರಿಸಿಬಿಡಿ.”

ಫೊಪ್ಪೆ ಸ್ಕಾರ್ಫನ್ನು ಬಿಚ್ಚಿ, ಕತ್ತು ಹಿಂದಕ್ಕೆ ಬಾಗಿಸಿ, ಬೆಳಕಿನ ಕಡೆ ತಿರುಗಿ ಆ ಎಂದು ಬಾಯಿ ಅಗಲಿಸಿದ. ಟೆನ್ ಕಾಟೆ ನೋಡಿದರು. ಸರಕಾರಿ ಮನುಷ್ಯ, ನೋಡಬೇಕಾದದ್ದನ್ನು ಪೂರ್ತಿ ನೋಡಿದರು.

“ಇದು ನಮ್ಮ ವ್ಯಾಪ್ತಿಗೆ ಬರಲ್ಲ,” ಎಂದರು ಕೊನೆಗೆ. ಪೆನ್ನಿನಿಂದ ಕಾಲುವೆಯ ಕಡೆ ತೋರಿಸಿದರು. “ನಾನು ಬಂದಿದ್ದು ನೀರಿನ ಮಂಡಳಿಯಿಂದ. ನಾನು ಕೇಳ್ತಿರೋದು ಆ ಬ್ರಿಜ್ಜು. ನೀವು ಮತ್ತೆ ಪಕ್ಕದ ಮನೆಯವರು ಅರ್ಧರ್ಧ ಸೇರಿ ಕಟ್ಟಿಸ್ತಿದ್ದೀರಿ ಅಂತ ದೂರು ಬಂದಿದೆ.”

ಫೊಪ್ಪೆ ಬಾಯಿ ಮುಚ್ಚುವುದನ್ನು ಮರೆತ. ಕೊಳೆತ ಹಲಗೆಗಳನ್ನು ನೋಡಿದ. ಫೆಮ್ಮಿಯ ಬೇಲಿಯನ್ನು ನೋಡಿದ. ಎಲೆಕೋಸಿನ ಮಡಿಯನ್ನು ನೋಡಿದ. ಅವಳ ಅಜ್ಜನ ಡಾಂಬರಿನ ಅರ್ಥ ಅವನಿಗೆ ಆಗಲೇ ಆದದ್ದು. ನಾನು ದೂರದಿಂದ ನೋಡುತ್ತಿದ್ದೆ. ಮೂರು ದಿನ ಆ ಮನುಷ್ಯ ಸ್ಕಾರ್ಫಿನೊಳಗೇ ಹಾಡಿಕೊಂಡು ಓಡಾಡಿದ್ದ.

ದೂರದಿಂದ ಎಂದೆನಲ್ಲ, ನಾನು ಆಗ ಕಿಟಕಿಯಲ್ಲಿರಲಿಲ್ಲ, ಸೇತುವೆಯ ಈಚೆ ದಡದಲ್ಲಿದ್ದೆ. ಯಾಕೆಂದರೆ ರೆನ್ಸ್ಕೆ ಅದೇ ಮಧ್ಯಾಹ್ನ ಎಲ್ಲರನ್ನೂ ಸೇರಿಸಿಕೊಂಡು ಅಭಿನಂದನೆ ಹೇಳಲು ಬಂದಿದ್ದಳು. ಮುಂದೆ ಹಾರ್ಮನ್ ಎರಡೂ ಕೈಯಲ್ಲಿ ಕೇಕು ಹಿಡಿದು, ಹಿಂದೆ ರೆನ್ಸ್ಕೆ ಹೂಗುಚ್ಛ ಹಿಡಿದು, ಅವಳ ಹಿಂದೆ ಬೇಕರಿಯವರು, ಕೊನೆಗೆ ನಾನು ಮತ್ತು ಡೀನಿ. ಉಡುಗೊರೆ ತಂದವರನ್ನು ಮುಂದೆ ಬಿಡುವುದು ಮರ್ಯಾದೆ. ನಾವು ಏನೂ ತಂದಿರಲಿಲ್ಲ.

“ಅಭಿನಂದನೆ ಕಣೋ ಫೊಪ್ಪೆ!” ಎಂದು ಹಾರ್ಮನ್ ಸೇತುವೆಯ ಮೇಲಿನಿಂದಲೇ ಕೂಗಿದ. ಹಲ್ಲು ಟಕ್ ಎಂದಿತು.

“ನಿಲ್ಲಿ! ಒಬ್ಬೊಬ್ಬರೇ!” ಟೆನ್ ಕಾಟೆ ಕಡತ ಎತ್ತಿಹಿಡಿದು ತಡೆಯಲು ಓಡಿಬಂದರು. ಓಡಿಬಂದವರು ಸೇತುವೆಯ ನಟ್ಟನಡುವೆ ಬಂದು ನಿಂತರು. ಅವರೇ ಹೆಚ್ಚಾದರು. ಹಲಗೆಗಳು ನರಳಿದವು, ಬಾಗಿದವು, ಆಮೇಲೆ ಸಂಸಾರ ಸಮೇತ ನೀರಿಗಿಳಿದವು. ನಮ್ಮ ಕಾಲುವೆ ಆಳವಿಲ್ಲ, ಸೊಂಟದವರೆಗೆ ನೀರು, ಉಳಿದದ್ದು ಕೆಸರು. ಹಾರ್ಮನ್ ಕೇಕನ್ನು ತಲೆಯ ಮೇಲೆ ಎತ್ತಿ ಉಳಿಸಿಕೊಂಡಿದ್ದ. ಟೆನ್ ಕಾಟೆ ಕಡತವನ್ನು ಉಳಿಸಿಕೊಂಡಿದ್ದರು.

ಗದ್ದಲ ಕೇಳಿ ಫೆಮ್ಮಿ ಹೊರಗೆ ಬಂದಳು.

“ಏನಿದು? ಯಾರಿಗೆ ಅಭಿನಂದನೆ?”

“ನಿಮಗೇ!” ಎಂದಳು ರೆನ್ಸ್ಕೆ, ಕೆಸರಿನಿಂದ ಹೂಗುಚ್ಛ ಚಾಚುತ್ತ. “ಮದುವೆಗೆ!”

ಫೆಮ್ಮಿ ನಿಧಾನವಾಗಿ ಫೊಪ್ಪೆಯ ಕಡೆ ತಿರುಗಿದಳು. ಆ ನೋಟ ನನ್ನ ಮೇಲೆ ಬಿದ್ದಿದ್ದರೆ ನಾನೇ ಹೋಗಿ ನೀರಿಗೆ ಹಾರುತ್ತಿದ್ದೆ. ಫೊಪ್ಪೆಯ ಕೈ ಸ್ಕಾರ್ಫಿಗೆ ಹೋಯಿತು. ಆಮೇಲೆ ಅದೇನು ತೋಚಿತೋ, ಬಿಟ್ಟುಬಿಟ್ಟ. ಬಾಯಿ ಮುಚ್ಚಿಕೊಳ್ಳದೆ ಮಾತಾಡಿದ.

“ಹೆಮ್ಮಿ, ಆ ಬ್ರಿಜ್ಜು ಬಾಯಿಗೆ. ಮೂರು ಹಲ್ಲು ಹೋಗಿದೆ, ನೋಡಿ. ನೀವು ಅರ್ಧ ನಂದು ಅಂದ್ರಿ. ನಾನು ಈ ಬಾಯೀನೇ ಅರ್ಧ ನಿಮ್ಮದು ಅಂದ್ರಿ ಅಂದ್ಕೊಂಡೆ. ತುಂಬಾ ಖುಷಿಯಾಯ್ತು. ತಡ್ಕೊಳ್ಳೋಕಾಗ್ದೆ ಅಕ್ಕನಿಗೆ ಹೇಳ್ಬಿಟ್ಟೆ. ನಂದು ತಪ್ಪಾಯ್ತು.”

ಯಾರೂ ನಗಲಿಲ್ಲ. ಹಾರ್ಮನ್ ಕೂಡ ನಗಲಿಲ್ಲ, ಅವನ ಪಾಲಿಗೆ ಎಷ್ಟೋ ವರ್ಷದ ನಗು ಬಾಕಿಯಿದ್ದರೂ.

“ಆ ಎರಡೂವರೆ ಸಾವಿರ ಹಾಗೇ ಇದೆ,” ಎಂದ ಫೊಪ್ಪೆ. “ಹಲಗೆ ಬ್ರಿಜ್ಜೇ ಹಾಕಿಸೋಣ. ನಿಮ್ಮ ಅರ್ಧ ಬೇಡ, ಪೂರ್ತಿ ನಾನೇ ಕೊಡ್ತೀನಿ. ನೀವು ಪೇಟೆಗೆ, ಚರ್ಚಿಗೆ ಓಡಾಡಬೇಕಲ್ಲ. ನಂಗೆ ಹೇಗೂ ಸ್ಕಾರ್ಹ್ ಇದೆ.”

ಫೆಮ್ಮಿ ಹತ್ತಿರ ಬಂದು ಅವನ ಬಾಯೊಳಗೆ ಇಣುಕಿದಳು.

“ಮೂರು ಹಲ್ಲಿಗೆ ಎರಡೂವರೆ ಸಾವಿರಾನಾ?”

“ಹೂಂ.”

“ಅದನ್ನೂ ನನಗೋಸ್ಕರವೇ ಹಾಕಿಸೋಕೆ ಹೊರಟಿದ್ರಾ?”

“ಹೂಂ.”

“ನಿಮ್ಮಂಥ ದಡ್ಡರನ್ನ ನಾನು ನೋಡ್ಲಿಲ್ಲ ಫೊಪ್ಪೆ,” ಎಂದಳು. ಹೆಸರಿನ ಜೊತೆಯ ‘ಅವರೇ’ ಬಿಟ್ಟುಹೋದದ್ದನ್ನು ಡೀನಿ ಗಮನಿಸಿ ನನ್ನ ಪಕ್ಕೆಗೆ ತಿವಿದಳು. “ಒಳಗೆ ಬನ್ನಿ. ಬಟಾಣಿ ಸೂಪ್ ಮಾಡಿದ್ದೀನಿ. ಅದಕ್ಕೆ ಹಲ್ಲು ಬೇಕಾಗಲ್ಲ.”

ಇಬ್ಬರೂ ಅವಳ ಮನೆಯೊಳಗೆ ಹೋದರು. ನೀರಿಗೆ ಬಿದ್ದವರನ್ನು ನನ್ನ ದೋಣಿಯಲ್ಲಿ ಈಚೆ ದಡಕ್ಕೆ ತಂದು ಹಾಕಿದೆವು. ಎಲ್ಲರೂ ನೀರು ಸುರಿಸುತ್ತ ನಿಂತರು, ಯಾರೂ ಮನೆಗೆ ಹೋಗಲಿಲ್ಲ. ಫೆಮ್ಮಿಯ ಊಟದ ಮೇಜು ಕಿಟಕಿಯ ಪಕ್ಕದಲ್ಲೇ ಇದೆ. ಅವಳು ಎದುರು ಕುರ್ಚಿ ಎಳೆದು ಅವನನ್ನು ಕೂರಿಸಿದಳು. ಸೂಪ್ ಬಡಿಸಿದಳು. ಫೊಪ್ಪೆ ತಲೆ ತಗ್ಗಿಸಿ, ಅಂಗೈಯಿಂದ ಬಾಯಿ ಮರೆಮಾಡಿಕೊಂಡು ಒಂದು ಚಮಚ ಎತ್ತಿದ. ಫೆಮ್ಮಿ ತನ್ನ ಚಮಚ ಕೆಳಗಿಟ್ಟಳು. ಎರಡು ಬೆರಳು ಬಾಯಿಗೆ ಹಾಕಿ ಮೊದಲು ಮೇಲಿನ ಸಾಲು ತೆಗೆದಳು, ಆಮೇಲೆ ಕೆಳಗಿನದು. ಎರಡನ್ನೂ ತಟ್ಟೆಯ ಪಕ್ಕದ ಸಾಸರಿನಲ್ಲಿಟ್ಟಳು.

“ದೇವರೇ!” ಎಂದ ಹಾರ್ಮನ್.

“ಅವಳಪ್ಪ ಮದುವೆಗೆ ಅಂತ ಕಟ್ಟಿಸಿಕೊಟ್ಟಿದ್ದು,” ಎಂದು ಡೀನಿ ಪಿಸುಗುಟ್ಟಿದಳು. “ನಮ್ಮಮ್ಮ ಹೇಳ್ತಿದ್ರು. ಹಿಂದೆ ಹಾಗೇ ಇತ್ತಲ್ಲ, ಮುಂದೆ ಗಂಡನಿಗೆ ಹಲ್ಲಿನ ಖರ್ಚು ಬರಬಾರದು ಅಂತ, ಚೆನ್ನಾಗಿರೋದನ್ನೂ ಕಿತ್ತು ಪೂರ್ತಿ ಸೆಟ್ಟು ಹಾಕಿಸಿ ಕಳಿಸ್ತಿದ್ರು. ಹತ್ತೊಂಬತ್ತು ವರ್ಷ ಆಗ ಅವಳಿಗೆ. ಅಷ್ಟು ವರ್ಷ ಸಂಸಾರ ಮಾಡಿದ್ರೂ ಗಂಡನ ಮುಂದೆ ಒಂದು ದಿನಾನೂ ತೆಗೆದೋಳಲ್ಲವಂತೆ.”

ಫೊಪ್ಪೆ ಸಾಸರನ್ನು ನೋಡಿದ. ಅವಳ ಮುಖ ನೋಡಿದ. ಬಾಯಿಯಿಂದ ಕೈ ತೆಗೆದ. ಆಮೇಲೆ ಇಬ್ಬರೂ ನಗಲು ಶುರುಮಾಡಿದರು. ಎಷ್ಟು ನಕ್ಕರೆಂದರೆ ಮೇಜಿನ ಮೇಲಿನ ಸಾಸರು ಅಲುಗಾಡಿತು. ಶಬ್ದ ನಮಗೆ ಕೇಳಿಸುತ್ತಿರಲಿಲ್ಲ, ಆದರೂ ಈಚೆ ದಡದಲ್ಲಿ ರೆನ್ಸ್ಕೆ ಒದ್ದೆ ಹೂಗುಚ್ಛದಿಂದ ಕಣ್ಣೊರೆಸಿಕೊಂಡಳು.

ಆಗ ಫೆಮ್ಮಿ ಎದ್ದು ಕಿಟಕಿಯ ಹತ್ತಿರ ಬಂದಳು. ನಮ್ಮ ಸಾಲನ್ನೆಲ್ಲ ಒಮ್ಮೆ ನೋಡಿದಳು. ಪರದೆ ಎಳೆದಳು.

ನಮ್ಮೂರಿನಲ್ಲಿ ಹಗಲು ಹೊತ್ತು ಯಾರೂ ಪರದೆ ಎಳೆಯುವುದಿಲ್ಲ. ಮುಚ್ಚಿಡುವಂಥದ್ದು ನಮ್ಮ ಹತ್ತಿರ ಏನಿದೆ ಎಂಬುದು ನಮ್ಮ ಹೆಮ್ಮೆ. ಹೆಣ ಇಟ್ಟ ಮನೆಯಲ್ಲಿ ಎಳೆಯುತ್ತಾರೆ, ಅಷ್ಟೆ. ಆದ್ದರಿಂದ ನಾವೆಲ್ಲ ಆ ಬಟ್ಟೆಯನ್ನೇ ನೋಡುತ್ತ ನಿಂತೆವು.

“ಇದಕ್ಕೆ ಏನರ್ಥ?” ಎಂದು ಕೇಳಿದ ಹಾರ್ಮನ್, ಕೇಕನ್ನು ಇನ್ನೂ ಎತ್ತಿ ಹಿಡಿದುಕೊಂಡೇ.

ಟೆನ್ ಕಾಟೆ ಕಡತವನ್ನು ಬಗಲಿಗೆ ಸಿಕ್ಕಿಸಿ, ತೊಟ್ಟಿಕ್ಕುತ್ತಿದ್ದ ಟೋಪಿಯನ್ನು ತಲೆಯಿಂದ ತೆಗೆದರು.

“ಪರ್ಮಿಷನ್ ಸಿಕ್ತು ಅಂತ ಅರ್ಥ,” ಎಂದರು. ಎಲ್ಲರಿಗಿಂತ ಮೊದಲು ಎಲ್ಲರ ಕೈಕುಲುಕಿ ಅಭಿನಂದನೆ ಹೇಳಿದವರೂ ಅವರೇ.